ದೋಣಿಗೆ ಮಣ್ಣು

"ಮುಗಿಸಿಬಿಟ್ಟೆಯಾ? ಯಾರೇ ಹೇಳಿದ್ದು ನಿನಗೆ ಮುಗಿಸು ಅಂತ?"

ಮ್ಯಾನೇಜರು ಬಲೆಯನ್ನು ಎರಡೂ ಕೈಯಲ್ಲಿ ಎತ್ತಿ, ಬೆಳಕಿಗೆ ಅಡ್ಡ ಹಿಡಿದು ನೋಡಿದ. ಹುಡುಕಿದರೂ ಒಂದು ತೂತಿಲ್ಲ. ಬಲೆಯಮ್ಮ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ನಲವತ್ತು ವರ್ಷ ಬಲೆ ಹೆಣೆದು, ಹರಿದದ್ದನ್ನು ಕೂಡಿಸಿ ಬದುಕಿದವಳು. ಊರಿನವರಿಗೆ ಅವಳ ನಿಜವಾದ ಹೆಸರು ಮರೆತೇ ಹೋಗಿತ್ತು. ಕೆಲಸ ಮುಗಿಸಿದ್ದಕ್ಕೆ ಬೈಸಿಕೊಂಡದ್ದು ಅವಳ ಆಯುಸ್ಸಿನಲ್ಲಿ ಇದೇ ಮೊದಲು.

"ಹರಿದಿತ್ತು, ಕೂಡಿಸಿದೆ," ಎಂದಳು.

"ಹನ್ನೊಂದಕ್ಕೆ ಹಡಗು ಬರುತ್ತೆ. ಮೂರು ಸಾವಿರ ಜನ ಇಳೀತಾರೆ. ಅವರಿಗೇನು ತೋರಿಸ್ತೀಯ, ನಿನ್ನ ಮೂತೀನಾ? ಮುದಿ ಮುಂಡೇದೆ, ನಿನ್ನ ಕೂರಿಸಿರೋದು ಹೆಣೀತಾ ಇರೋಕೆ. ಹೆಣೆದು ಮುಗಿಸೋಕಲ್ಲ."

ಜೇಬಿನಿಂದ ಕತ್ತರಿ ತೆಗೆದವನೇ ಕಚಕಚನೆ ಏಳೆಂಟು ಕಡೆ ಕತ್ತರಿಸಿ ಬಲೆಯನ್ನು ಅವಳ ಮಡಿಲಿಗೆ ಎಸೆದ. ಹೋಗುವ ಮುಂಚೆ ಇನ್ನೆರಡು ಮಾತು ಹೇಳಿದ. ಆ ಪ್ಲಾಸ್ಟಿಕ್ ಚಪ್ಪಲಿ ಫೋಟೋದಲ್ಲಿ ಬೀಳಬಾರದು, ಮತ್ತೆ, ನಗಬಾರದು. ನಗುವ ಮುದುಕಿಯರ ಫೋಟೋ ಯಾರಿಗೂ ಬೇಡವಂತೆ.

ಅದೊಂದು ಬಲೆಯೇ ಅಲ್ಲ. ಹತ್ತಿಯ ದಾರದ್ದು, ಹಾಲಿನಷ್ಟು ಬಿಳಿ, ಹುಟ್ಟಿದಾಗಿನಿಂದ ಸಮುದ್ರದ ನೀರನ್ನು ಮುಟ್ಟಿಲ್ಲ. ವಾರಕ್ಕೊಮ್ಮೆ ಸೋಪು ಹಾಕಿ ಒಗೆಯುತ್ತಾರೆ. ಮೀನು ಅದರೊಳಗೆ ಬಿದ್ದರೆ ಸ್ನಾನ ಮಾಡಿಸಿಕೊಂಡು ಹೊರಗೆ ಬರಬೇಕು ಎಂದು ಪಕ್ಕದಲ್ಲಿ ಕೂತ ಬಡಗಿ ಭಾವ ತಮಾಷೆ ಮಾಡುತ್ತಿದ್ದ. ಗಂಡನ ಕಡೆಯಿಂದ ಅವಳಿಗೆ ಭಾವನಾಗಬೇಕಾದ ಮುದುಕ, ಒಂದು ಕಾಲಕ್ಕೆ ಈ ದಡದ ಅರ್ಧ ದೋಣಿಗಳನ್ನು ಕಟ್ಟಿದವನು. ಈಗ ಅವನಿಗೂ ಇಲ್ಲೇ ಕೆಲಸ. ಬೋರಲು ಹಾಕಿದ, ವಾರ್ನಿಷ್ ಬಳಿದ ಒಂದು ದೋಣಿಗೆ ಹತ್ತರಿಂದ ಐದರವರೆಗೆ ಸುತ್ತಿಗೆಯಿಂದ ಟಕಟಕ ಬಡಿಯುತ್ತಿರಬೇಕು.

"ನಿನ್ನದೇ ವಾಸಿ ಕಣಮ್ಮ," ಎಂದ. "ನಿನಗೆ ಹರಿದು ಕೊಡೋಕಾದ್ರೂ ಒಬ್ಬ ಇದ್ದಾನೆ. ನಾನು ಹೊಡೆದ ಮೊಳೆಗೇ ಹೊಡೀತಾ ಕೂತಿರಬೇಕು."

ಅವಳಿಗೆ ನಗು ಬರಲಿಲ್ಲ. ಕತ್ತರಿಸಿದ ಎಳೆಗಳನ್ನು ಹುಡುಕಿ ಗಂಟು ಹಾಕತೊಡಗಿದಳು, ಬೇಕೆಂದೇ ನಿಧಾನವಾಗಿ. ಬೆರಳುಗಳಿಗೆ ನಿಧಾನ ಎಂಬುದು ಗೊತ್ತಿಲ್ಲದೆ ಅವು ಮತ್ತೆ ಮತ್ತೆ ಮುಂದಕ್ಕೆ ಓಡುತ್ತಿದ್ದವು.

ಇಷ್ಟೆಲ್ಲ ಬೈಸಿಕೊಂಡು ಅವಳು ಇಲ್ಲಿ ಕೂತಿದ್ದು ಸಂಬಳಕ್ಕಲ್ಲ, ಮಗನ ದೋಣಿಗಾಗಿ. ಆ ದಡದ ಉದ್ದಕ್ಕೂ ಬಂಡೆ. ದೋಣಿ ಎಳೆದು ನಿಲ್ಲಿಸಲು ಇದ್ದದ್ದು ಕಲ್ಲುಮೆಟ್ಟಿಲ ಬುಡದ ಒಂದು ತುಂಡು ಮರಳು. ಅಲ್ಲಿ ಒಂದು ಕಾಲಕ್ಕೆ ನಲವತ್ತು ದೋಣಿ ನಿಲ್ಲುತ್ತಿದ್ದವು. ಆಮೇಲೆ ಪ್ರವಾಸಿಗರ ಹಡಗುಗಳು ಬರತೊಡಗಿದವು. ಊರಿನ ಕಚೇರಿಯವರು ದಡವನ್ನು ಈ ಮ್ಯಾನೇಜರನ ಕಂಪನಿಗೆ ಗುತ್ತಿಗೆ ಕೊಟ್ಟು ಕೈ ತೊಳೆದುಕೊಂಡರು. ದೋಣಿಗಳು ಅಳಿವೆಯ ಕೆಸರಿಗೆ ಹೋಗಬೇಕು ಎಂದರು. ಅಲ್ಲಿಂದ ಕಡಲಿಗೆ ಇಳಿಯಲು ಅರ್ಧ ದಿನ ಬೇಕು. ಒಬ್ಬೊಬ್ಬರಾಗಿ ದೋಣಿ ಮಾರಿ ಹೋಟೆಲಿನಲ್ಲಿ ತಟ್ಟೆ ಎತ್ತುವವರಾದರು, ಕಾವಲುಗಾರರಾದರು. ಮನೆಗಳೆಲ್ಲ ಬಾಡಿಗೆಯ ರೂಮುಗಳಾದವು. ಬಲೆಯಮ್ಮನ ಬೀದಿಯ ಮೂವತ್ತು ಮನೆಯಲ್ಲಿ ಈಗ ಒಲೆ ಉರಿಯುವುದು ಮೂರರಲ್ಲಿ. ಹಡಗಿನವನೊಬ್ಬ ಸೀದಾ ಅವಳ ಅಡುಗೆಮನೆಯ ಬಾಗಿಲು ನೂಕಿ, ಮಗುವಿಗೆ ಹಾಲು ಕೊಡುತ್ತಿದ್ದ ಸೊಸೆಯ ಫೋಟೋ ತೆಗೆದಿದ್ದ. ಬಲೆಯಮ್ಮ ಪೊರಕೆ ಎತ್ತಿಕೊಂಡು ಬಂದರೆ, ದುಡ್ಡು ಕೇಳುತ್ತಿದ್ದಾಳೆ ಎಂದುಕೊಂಡು ಹೊಸ್ತಿಲ ಮೇಲೆ ಒಂದು ನಾಣ್ಯ ಇಟ್ಟು ಹೋದ.

ಉಳಿದದ್ದು ಮಗನ ದೋಣಿಯೊಂದೇ. ನೀನು ಬಲೆ ಹಿಡಿದು ಕೂತುಕೋ, ದೋಣಿ ಇಲ್ಲೇ ಇರಲಿ ಎಂದು ಮ್ಯಾನೇಜರು ಮಾತು ಕೊಟ್ಟಿದ್ದ. ಅವಳು ನಂಬಿದಳು.

ಅವತ್ತು ಗಾಳಿ ಎದುರಾಗಿ ಮಗ ತಡವಾಗಿ ಬಂದ. ಅವನು ಮರಳಿಗೆ ದೋಣಿ ತಾಗಿಸುವುದಕ್ಕೂ ಹಡಗಿನವರು ಲಾಂಚಿನಿಂದ ಇಳಿದು ಮೆಟ್ಟಿಲ ಮೇಲೆ ಜಮಾಯಿಸುವುದಕ್ಕೂ ಸರಿಹೋಯಿತು. ಎರಡು ಬುಟ್ಟಿ ಮೀನು, ಇನ್ನೂ ಬಾಲ ಬಡಿಯುತ್ತಿದ್ದವು. ಒಬ್ಬಳು ಮೂಗಿಗೆ ಕರವಸ್ತ್ರ ಹಿಡಿದಳು. ಅಷ್ಟೇ ಸಾಕಾಯಿತು. ಮ್ಯಾನೇಜರು ಕಕ್ಕಸು ತೊಳೆಯುವವಳ ಕೈಯಿಂದ ಫಿನೈಲಿನ ಡಬ್ಬ ಕಿತ್ತುಕೊಂಡು ಬಂದು ಬುಟ್ಟಿಗಳ ಮೇಲೆ ಬಗ್ಗಿಸಿದ. ಬಿಳಿ ನೀರು ಮೀನಿನ ಕಿವಿರುಗಳೊಳಗೆ ಇಳಿಯಿತು. ಬಾಲಗಳು ಇನ್ನೊಂದೆರಡು ಸಲ ಜೋರಾಗಿ ಬಡಿದು ನಿಂತವು.

ಮಗ ಹುಟ್ಟನ್ನು ಎರಡೂ ಕೈಯಲ್ಲಿ ಎತ್ತಿದ. ಬಲೆಯಮ್ಮ ಓಡಿಬಂದು ಅವನ ತೋಳಿಗೆ ಜೋತುಬಿದ್ದಳು. ಬೇಡ ಕಣೋ, ದೋಣಿ ಹೋಗುತ್ತೆ, ದೋಣಿ ಹೋಗುತ್ತೆ ಎಂದು ಬಡಬಡಿಸಿದಳು. ಮಗ ಹುಟ್ಟು ಇಳಿಸಿದ. ತಾಯಿಯ ಮುಖ ಮಾತ್ರ ನೋಡಲಿಲ್ಲ. ಅವಳಿಗೆ ಅದು ಕಪಾಳಕ್ಕೆ ಹೊಡೆದದ್ದಕ್ಕಿಂತ ಹೆಚ್ಚು ಉರಿಯಿತು.

ದೋಣಿ ಮಾತ್ರ ಆಗಲೇ ಹೋಗಿಯಾಗಿತ್ತು. ಸಂಜೆ ಮ್ಯಾನೇಜರು ಮೆಟ್ಟಿಲ ಮೇಲೆ ನಿಂತು ವಿಷಯ ತಿಳಿಸಿದ. ಮಾತಿಗೆ ತಪ್ಪುವವನಲ್ಲ ತಾನು. ದೋಣಿ ಇಲ್ಲೇ ಇರುತ್ತದೆ. ಆದರೆ ನೀರಿಗೆ ಇಳಿಯುವುದಿಲ್ಲ. ಅದಕ್ಕೆ ನೀಲಿ ಬಣ್ಣ ಹೊಡೆದು, ಹೊಟ್ಟೆ ತುಂಬ ಮಣ್ಣು ತುಂಬಿ, ಹೂವಿನ ಗಿಡ ನೆಡುತ್ತಾರೆ. ಬಂದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬಹುದು. ಮಗನಿಗೂ ಕೆಲಸ ಉಂಟು, ಪಟ್ಟೆ ಅಂಗಿ ಹಾಕಿಕೊಂಡು ಹುಟ್ಟು ಹಿಡಿದು ಪಕ್ಕದಲ್ಲಿ ನಿಲ್ಲುವುದು.

ಮರುದಿನ ಬೆಳಿಗ್ಗೆ ದೋಣಿಯ ಪಕ್ಕದಲ್ಲಿ ಮಣ್ಣಿನ ಮೂಟೆಗಳು ಸಾಲಾಗಿ ಕೂತಿದ್ದವು. ಮಗ ಪಟ್ಟೆ ಅಂಗಿಯಲ್ಲಿ ನಿಂತಿದ್ದ. ಹಡಗಿನವರು ಸುತ್ತ ನೆರೆದಿದ್ದರು. ಮ್ಯಾನೇಜರು ಬಡಗಿ ಭಾವನನ್ನು ಕರೆದು, ಸುತ್ತಿಗೆ ಕಿತ್ತುಕೊಂಡು, ಕೈಗೆ ಬೈರಿಗೆ ಕೊಟ್ಟ. ತಳದಲ್ಲಿ ಆರು ತೂತು ಹಾಕಬೇಕು, ನೀರು ಇಳಿದುಹೋಗದಿದ್ದರೆ ಗಿಡದ ಬೇರು ಕೊಳೆಯುತ್ತದೆ ಎಂದ.

"ನಾನು ಹಾಕಲಾ?"

"ನೀನೇ ತಾನೇ ಕಟ್ಟಿದ್ದು? ಎಲ್ಲಿ ಕೊರೆದ್ರೆ ಹಲಗೆ ಸೀಳಲ್ಲ ಅಂತ ನಿನಗಲ್ದೆ ಇನ್ಯಾರಿಗೆ ಗೊತ್ತು?"

ಮುದುಕ ದೋಣಿಯೊಳಗೆ ಹತ್ತಿ ಮಂಡಿಯೂರಿದ. ಹಲಗೆ ಹಲಗೆಯನ್ನೂ ಅಂಗೈಯಲ್ಲಿ ಸವರಿದ. ಬೈರಿಗೆಯ ಮೊನೆ ಮೊಂಡಾಗಿದೆ, ಬೇರೆ ತರಬೇಕು ಎಂದ. ಬೇರೆ ತಂದುಕೊಟ್ಟರು. ಅದನ್ನು ಹಲಗೆಗೆ ಒತ್ತಿ ಹಿಡಿದು ಹಾಗೇ ಕೂತುಬಿಟ್ಟ.

"ಒಂದು ಹನಿ ನೀರು ಒಳಗೆ ಬಿಟ್ಟಿಲ್ಲ ಕಣಮ್ಮ ಇದು," ಎಂದ ಬಲೆಯಮ್ಮನಿಗೆ. "ನಿನ್ನ ಗಂಡ ಸತ್ತ ವರ್ಷದ ಬಿರುಗಾಳೀಲೂ ಬಿಟ್ಟಿಲ್ಲ."

ಬಲೆಯಮ್ಮನ ಮೈಯಲ್ಲಿ ಬೆಂಕಿ ಹೊತ್ತಿಕೊಂಡಿತು. ನಿನ್ನೆ ಮಗನ ಕೈ ಹಿಡಿದದ್ದಕ್ಕೆ ತನ್ನ ಮೇಲೇ ಅವಳಿಗೆ ಸಿಟ್ಟು. ಯಾವ ದೋಣಿ ಉಳಿಯಲಿ ಎಂದು ಹಿಡಿದಳೋ ಅದಕ್ಕೇ ತೂತು. ಬಲೆಯನ್ನು ಅಲ್ಲೇ ಬಿಸಾಕಿ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ದೋಣಿಯ ಹಿಂಬದಿಗೆ ಬಂದು ಹೆಗಲು ಕೊಟ್ಟಳು. ಅದು ಒಬ್ಬಳಿಂದ ಅಲುಗುವ ದೋಣಿಯಲ್ಲ. ಅವಳು ತಲೆಯೆತ್ತಿ ಹಡಗಿನವರತ್ತ ನೋಡಿ, ಬನ್ನಿ ಬನ್ನಿ ಎಂದು ಕೈ ಬೀಸಿದಳು. ದೋಣಿಯನ್ನು ತೋರಿಸಿದಳು, ನೀರನ್ನು ತೋರಿಸಿದಳು.

ಅವರು ಇದೂ ಆಟದ ಒಂದು ಭಾಗ ಎಂದುಕೊಂಡರು. ದಪ್ಪನೆಯವನೊಬ್ಬ ಟೋಪಿ ಹೆಂಡತಿಯ ಕೈಗೆ ಕೊಟ್ಟು ಮೊದಲು ಬಂದ. ಅವನ ಹಿಂದೆ ಹತ್ತು, ಇಪ್ಪತ್ತು ಜನ. ಕೇಕೆ ಹಾಕಿಕೊಂಡು ನೂಕಿದರು. ನೂಕಲು ಜಾಗ ಸಿಗದವರು ಫೋನು ಹಿಡಿದು ಓಡಿದರು. ಮರಳಿನಲ್ಲಿ ಉದ್ದಕ್ಕೆ ಗೀರೆಳೆಯುತ್ತ ದೋಣಿ ನೀರಿಗೆ ಇಳಿಯಿತು. ಮಗ ಒಂದು ಗಳಿಗೆ ತಾಯಿಯ ಮುಖ ನೋಡಿದ, ಹುಟ್ಟು ಸಮೇತ ಒಳಗೆ ಹಾರಿದ. ಬಡಗಿ ಭಾವ ಬೈರಿಗೆ ಹಿಡಿದುಕೊಂಡೇ ಒಳಗೆ ಕೂತಿದ್ದವನು ಅದರ ಜೊತೆಗೇ ಹೋದ. ಜನ ಚಪ್ಪಾಳೆ ತಟ್ಟಿದರು. ಮ್ಯಾನೇಜರೂ ತಟ್ಟಬೇಕಾಯಿತು.

ತಟ್ಟುತ್ತಲೇ ಬಲೆಯಮ್ಮನ ಪಕ್ಕಕ್ಕೆ ಬಂದು ನಿಂತ. ಮುಖದಲ್ಲಿ ನಗು ಹಾಗೇ ಇತ್ತು.

"ಬೇವರ್ಸಿ ಮುಂಡೆ. ಎಲ್ಲಿಗೆ ಹೋಗ್ತಾನೆ ನಿನ್ನ ಮಗ? ಬರಲೇಬೇಕಲ್ಲ. ಬಂದ್ರೆ ಇಲ್ಲಿಗೇ ಬರಬೇಕು. ಬರ್ಲಿ. ಕೊಡಲೀಲಿ ಒಡೆಸ್ತೀನಿ, ತೂತಲ್ಲ."

ಅವನು ಹೇಳಿದ್ದು ನಿಜ. ಉಳಿದ ಕಡೆಯೆಲ್ಲ ಬಂಡೆ, ಅಳಿವೆಯ ಕೆಸರಿಗೆ ಹೋದರೆ ಮೀನು ಹಿಡಿಯುವುದೇ ಮುಗಿಯಿತು. ಬಲೆಯಮ್ಮನಿಗೆ ಹೆದರಿಕೆಯಾಯಿತು. ದೋಣಿ ಎಳೆದ ಗೀರು ಮರಳಿನಲ್ಲಿ ಇನ್ನೂ ಕಾಣುತ್ತಿತ್ತು. ಅದು ನೀರಿಗೆ ಇಳಿಯುವಲ್ಲಿಗೆ ನಡೆದು, ಸರಿಯಾಗಿ ಅದರ ಮೇಲೆ ಕೂತಳು. ಹಡಗಿನವರನ್ನು ವಾಪಸು ಒಯ್ಯುವ ಲಾಂಚು ಮೂತಿಯಿಟ್ಟು ಜನ ಹತ್ತಲು ಹಲಗೆ ಇಳಿಸುವುದೂ ಅಲ್ಲೇ, ಬೇರೆ ಜಾಗವಿಲ್ಲ.

ಮೂರು ಗಂಟೆಗೆ ಲಾಂಚು ಬಂದು ಕೂಗು ಹಾಕಿತು. ಅವಳು ಏಳಲಿಲ್ಲ. ಎರಡನೆಯ ಸಲ ಕೂಗಿತು. ಮೆಟ್ಟಿಲ ಮೇಲೆ ಸಾಲುಗಟ್ಟಿದ ಜನ ಮೊದಲು ನಕ್ಕರು, ಆಮೇಲೆ ಗಡಿಯಾರ ನೋಡಿಕೊಂಡರು, ಆಮೇಲೆ ಗೊಣಗಿದರು. ನೀರು ಏರುವ ಹೊತ್ತು. ಅಲೆಗಳು ಅವಳ ಮಂಡಿ ದಾಟಿ ಸೊಂಟಕ್ಕೆ ಬಂದಿದ್ದವು.

"ಏಳೇ," ಎಂದ ಮ್ಯಾನೇಜರು, ಬಗ್ಗಿ, ಕಿವಿಯ ಹತ್ತಿರ.

"ನನ್ನ ಮಗ ಬಂದು ಇಲ್ಲಿ ದೋಣಿ ಎಳೆಯೋವರೆಗೂ ಒಂದು ನರಪಿಳ್ಳೆ ಇಲ್ಲಿಂದ ಹತ್ತಲ್ಲ. ನನ್ನನ್ನ ಎಳೆಸ್ತೀಯಾ? ಎಳೆಸು. ಇಷ್ಟು ಜನರ ಮುಂದೆ ಎಳೆಸು."

ಅವನು ಸೀಟಿ ಊದಿದ. ಕಾವಲುಗಾರರಿಬ್ಬರು ಮೆಟ್ಟಿಲಿಳಿದು ಬಂದು, ಬೂಟು ಒದ್ದೆಯಾಗಬಾರದೆಂದು ಬಿಚ್ಚಿಟ್ಟು, ಪ್ಯಾಂಟು ಮಡಿಚಿಕೊಳ್ಳತೊಡಗಿದರು. ಅವರಲ್ಲೊಬ್ಬ ಮೂರು ವರ್ಷದ ಹಿಂದಿನವರೆಗೆ ಇದೇ ಮರಳಿನಲ್ಲಿ ದೋಣಿ ಎಳೆದವನು. ಅವನು ಮಡಿಚಿದ್ದನ್ನೇ ಕೆಳಗಿಳಿಸಿ ಮತ್ತೆ ಮಡಿಚಿದ.

ಬಲೆಯಮ್ಮ ಎರಡೂ ಕೈಯನ್ನು ನೀರೊಳಗೆ ಇಳಿಸಿ, ಮೊಣಕೈವರೆಗೆ ಮರಳಿನಲ್ಲಿ ಹೂತುಕೊಂಡಳು.