ತುಂಬಿದ ತೊಟ್ಟಿ

ಮಳೆ ಬಂದಾಗ ಊರಿನ ಕೊಳಚೆ ಹೊಳೆಗೆ ನುಗ್ಗದಂತೆ ಹಿಡಿದಿಡಲು ಪಂಪ್‌ಹೌಸಿನ ಪಕ್ಕ, ನೆಲದೊಳಗೆ, ಈ ವರ್ಷ ದೊಡ್ಡದೊಂದು ತೊಟ್ಟಿ ಕಟ್ಟಿದ್ದರು. ಇಪ್ಪತ್ತು ವರ್ಷದಿಂದ ಅಲ್ಲಿ, ಉಕ್ಕಿದ ಕೊಳಚೆಯನ್ನು ಹೊಳೆಗೆ ಬಿಡುವ ಗೇಟ್ ಎತ್ತಿ ಇಳಿಸುತ್ತಿದ್ದ ಗೇಟಿನವನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಅವನ ಒಡಹುಟ್ಟಿದ ಅಣ್ಣ ಕೆಳಗೆ ಹೊಳೆಯಲ್ಲಿ ಬಲೆಗೂಡು ಕಟ್ಟಿ ಮೀನು ಸಾಕುತ್ತಿದ್ದ. ಹೋದ ಎರಡು ಮಳೆಗಾಲವೂ ಇವನು ಗೇಟ್ ಎತ್ತಿದ, ಅಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲಿದವು. ಈ ಸಲ ಒಂದು ಹನಿಯೂ ಬರುವುದಿಲ್ಲ ಎಂದು ತಾನೇ ಹೋಗಿ ಹೇಳಿ ಬಂದ. ಆ ಮಾತು ನಂಬಿ ಅಣ್ಣ, ಇದೇ ಕೊನೆಯ ಸಲ ಎಂದು, ಮತ್ತೆ ಮರಿ ಬಿಟ್ಟ.

ಕೆಡಿಸಿದವನು ಹೊಸ ಇಂಜಿನಿಯರ್. ಆತ ಜೀವಮಾನವೆಲ್ಲ ಕುಡಿಯುವ ನೀರಿನ ವಿಭಾಗದಲ್ಲಿ ದುಡಿದು ಬಂದವನು. ಖಾಲಿ ತೊಟ್ಟಿ ಕಂಡರೆ ಆತನ ಎದೆ ಹೊಡೆದುಕೊಳ್ಳುತ್ತಿತ್ತು. ಮೊದಲ ಮಳೆಗೆ ತೊಟ್ಟಿ ತುಂಬಿತು. ಅದನ್ನು ಶುದ್ಧೀಕರಣ ಘಟಕಕ್ಕೆ ಪಂಪ್ ಮಾಡಲು ಹೊರಟ ಗೇಟಿನವನನ್ನು, ಯಾರನ್ನು ಕೇಳಿ ಎಂದು ಗದರಿದ. ಇದು ಖಾಲಿಯಿದ್ದರಷ್ಟೇ ಕೆಲಸಕ್ಕೆ ಬರುವ ತೊಟ್ಟಿ ಎಂದು ಇವನು ಮೂರು ಸಲ ಬಿಡಿಸಿ ಹೇಳಿದ. ಕೋಣನ ಮುಂದೆ ಕಿನ್ನರಿ.

"ತುಂಬಿಸಿಟ್ಟು ಯಾವತ್ತೂ ಬೈಸಿಕೊಂಡಿಲ್ಲ ಕಣ್ರೀ ನಾನು," ಎಂದ ಇಂಜಿನಿಯರ್.

"ಅದು ಕುಡಿಯೋ ನೀರು ಸಾರ್. ಇದು ಕುಡಿದಮೇಲಿಂದು."

ಪಂಪಿನ ಕೋಣೆಗೆ ಬೀಗ ಬಿತ್ತು. ಗೇಟಿನವನು ಮೇಲಿನ ಕಚೇರಿಗೆ ಬರೆದ ಕಾಗದ ಸುತ್ತಿ ಬಳಸಿ ಅದೇ ಇಂಜಿನಿಯರ್ ಮೇಜಿಗೆ ಬಂತು.

ಐದನೇ ದಿನ ಮಧ್ಯಾಹ್ನ ಮಳೆ ಕೊಡ ಮಗುಚಿದಂತೆ ಸುರಿಯಿತು. ತೊಟ್ಟಿಯಲ್ಲಿ ಒಂದು ಬಕೆಟ್ ನೀರಿಗೂ ಜಾಗವಿರಲಿಲ್ಲ. ಮೇಲಿನ ಬೀದಿಯಿಂದ ಫೋನ್ ಮೇಲೆ ಫೋನ್: ಕಕ್ಕಸಿನಿಂದ ಉಕ್ಕಿದ ನೀರು ಅಡುಗೆಮನೆಗೆ ಬಂದಿದೆಯಂತೆ, ಹಾಸಿಗೆ ಹಿಡಿದ ಮುದುಕಿಯೊಬ್ಬಳ ಮಂಚದ ಕಾಲು ಮುಳುಗಿದೆಯಂತೆ. ಈಗ ಬೀಗ ಒಡೆದರೂ ತೊಟ್ಟಿ ಬರಿದಾಗಲು ಇಡೀ ದಿನ ಬೇಕು. ಅತ್ತ ದರಿ, ಇತ್ತ ಪುಲಿ. ಗೇಟಿನವನು ಹಲ್ಲು ಕಚ್ಚಿ ಚಕ್ರ ತಿರುಗಿಸಿದ. ಕರಿನೀರು ಭೋರೆಂದು ಹೊಳೆಗಿಳಿಯಿತು.

ಮಳೆ ನಿಂತ ಮೇಲೆ ಹೊಳೆದಂಡೆಗೆ ಹೋದ. ಅಣ್ಣ ಮೊಣಕಾಲುದ್ದ ನೀರಲ್ಲಿ ನಿಂತು ಸತ್ತ ಮೀನನ್ನು ಬುಟ್ಟಿಗೆ ಬಾಚಿ ಹಾಕುತ್ತಿದ್ದ. ಇಂಜಿನಿಯರ್, ಬೀಗ, ಮುದುಕಿ, ಎಲ್ಲವನ್ನೂ ಇವನು ಒಂದೇ ಉಸಿರಿಗೆ ಹೇಳಿದ. ಅಣ್ಣ ತಲೆ ಎತ್ತಲಿಲ್ಲ.

"ಎತ್ತಿದ್ದು ಯಾರು?"

"ನಾನೇ ಅಣ್ಣ."

"ನಾನಿದ್ರೂ ಎತ್ತುತಿದ್ದೆ ಬಿಡು."

ಬಲೆಗೂಡಿನ ಹಗ್ಗಗಳನ್ನು ಒಂದೊಂದಾಗಿ ಕುಯ್ದು ಅಣ್ಣ ದಡ ಹತ್ತಿದ.

"ಇನ್ಮೇಲೆ ಮಳೆ ಬಂದ್ರೆ ಯೋಚನೆ ಮಾಡ್ತಾ ನಿಲ್ಲಬೇಡ ಕಣೋ. ಎತ್ತಿಬಿಡು. ಕೆಳಗೆ ಯಾರೂ ಇರೋದಿಲ್ಲ."