ನೂರ ಇಪ್ಪತ್ತೆಂಟರ ಶೇಷ

ಹತ್ತು ಹಳ್ಳಿಗಳು ನನ್ನ ಕೈಯಿಂದ ಕಾಣೆಯಾದದ್ದು ಒಂದು ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ.

ತೊಂಬತ್ತೈದನೇ ಇಸವಿ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಬಳೆ ಅಂಗಡಿಯ ಮೇಲಿನ ಮಹಡಿಯಲ್ಲಿ ದೇವದಾಸ್ ಸಾರ್ ಡೇಟಾ ಎಂಟ್ರಿ ಸೆಂಟರ್ ನಡೆಸುತ್ತಿದ್ದರು. ನಾಲ್ಕು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಎ.ಸಿ. ನಾನು ಎರಡನೇ ಮೆಷಿನ್ನಿನ ಆಪರೇಟರ್. ಹೆಸರು ಪಿಳ್ಳಣ್ಣ, ನಮ್ಮ ತಾತನ ಹೆಸರು. ನಮ್ಮೂರು ಸಾರಕ್ಕಿಯಲ್ಲಿ ಅದನ್ನು ಕೇಳಿ ಯಾರೂ ನಗುವುದಿಲ್ಲ, ಜಯನಗರದಲ್ಲಿ ನಗದವರಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಲೆಕ್ಕದ ಮೇಷ್ಟ್ರು ಬೋರ್ಡಿನ ಮುಂದೆ ನಿಲ್ಲಿಸಿ, “ದನ ಕಾಯೋಕೂ ಎಣಿಸೋಕೆ ಬರ್ಬೇಕಲ್ಲೋ” ಅಂದರು. ಕೈಯಲ್ಲಿದ್ದ ಸೀಮೆಸುಣ್ಣವನ್ನು ಅವರ ಮೇಜಿನ ಮೇಲೆ ಎಸೆದು ಹೊರಗೆ ಬಂದವನು ಮತ್ತೆ ಆ ಗೇಟಿನೊಳಗೆ ಹೋಗಲಿಲ್ಲ. ಸೆಂಟರಿನಲ್ಲಿ ಒಂದೂವರೆ ವರ್ಷ ನೆಲ ಒರೆಸಿದೆ, ರಿಬ್ಬನ್ ಬದಲಾಯಿಸಿದೆ, ಬೇರೆಯವರ ಬೆರಳು ನೋಡಿ ಟೈಪಿಂಗ್ ಕಲಿತೆ. ಆಮೇಲೆ ಸಿಕ್ಕಿದ್ದು ಆ ಎರಡನೇ ಕುರ್ಚಿ. ಅದರ ಒಂದು ಕಾಲು ಕುಂಟು. ಆದರೂ ಅದು ನನ್ನದು.

ಕಣ್ಣಿನ ಶಿಬಿರ ನಡೆಸುವ ಒಂದು ಟ್ರಸ್ಟಿನವರು ಪೊರೆ ಬಂದ ಮುದುಕರ ಅರ್ಜಿಗಳನ್ನು ಗೋಣಿಚೀಲದಲ್ಲಿ ತಂದು ಸುರಿದಿದ್ದರು. ಬೊಮ್ಮನಹಳ್ಳಿಯಿಂದ ತಲಘಟ್ಟಪುರದವರೆಗೆ ಹನ್ನೊಂದು ಊರು, ಸಾವಿರದ ಎಂಟುನೂರ ತೊಂಬತ್ತು ಜನ. ಹೆಸರು, ವಯಸ್ಸು, ಬೀದಿ, ಯಾವ ಕಣ್ಣು, ಯಾವ ದಿನ ಆಪರೇಷನ್. ಮೂರು ವಾರ ನಾಲ್ವರೂ ಕುಟ್ಟಿದೆವು. ಊರಿಗೊಂದು ಫ್ಲಾಪಿ. ಎಲ್ಲವನ್ನೂ ಸೇರಿಸಿ ಒಂದೇ ಪಟ್ಟಿ ಮಾಡುವ ಕೆಲಸ ನನಗೆ ಬಂತು. ಶುಕ್ರವಾರ ಸಂಜೆ ನಾಲ್ಕಕ್ಕೆ ಟ್ರಸ್ಟಿನ ಶಾಲಿನಿ ಮೇಡಂ ಬಂದು ಪ್ರಿಂಟ್ ಒಯ್ಯುತ್ತಾರೆ, ಶನಿವಾರ ಬೆಳಿಗ್ಗೆ ಆರಕ್ಕೆ ವ್ಯಾನುಗಳು ಹೊರಡುತ್ತವೆ. ಪಟ್ಟಿಯಲ್ಲಿ ಹೆಸರಿದ್ದವರನ್ನು ಮಾತ್ರ ಹತ್ತಿಸಿಕೊಳ್ಳುತ್ತಾರೆ. ತಲಘಟ್ಟಪುರದ ಪಟ್ಟಿಯಲ್ಲಿ ಲಕ್ಷ್ಮಮ್ಮ ಎಂಬ ಹೆಸರಿತ್ತು, ಎಪ್ಪತ್ತೊಂದು, ಎರಡೂ ಕಣ್ಣು, ಶನಿವಾರ. ನನ್ನ ತಾಯಿಯ ತಾಯಿ. ಆ ಸಾಲನ್ನು ಟೈಪ್ ಮಾಡಿದವನು ನಾನೇ.

ಫೈಲುಗಳನ್ನು ಸೇರಿಸಲು ಆ ಕಾಲದ ಡಾಸ್ ಎಂಬ ಸಿಸ್ಟಮ್ಮಿನಲ್ಲಿ ಕಾಪಿ ಎಂದು ಕೊಟ್ಟು, ಹೆಸರುಗಳ ನಡುವೆ ಪ್ಲಸ್ ಹಾಕಬೇಕು. ಎಲ್ಲರೂ ಅಷ್ಟೇ ಮಾಡುತ್ತಿದ್ದರು. ನಾನು ಒಂದು ಸ್ಲ್ಯಾಷ್, ಒಂದು ಬಿ ಕೂಡ ಸೇರಿಸಿದೆ. ಹಾಗೆ ಹಾಕಿದರೆ ಮೆಷಿನ್ನು ಒಂದು ಅಕ್ಷರವನ್ನೂ ಬಿಡದೆ ಇದ್ದದ್ದನ್ನು ಇದ್ದ ಹಾಗೆ ಎತ್ತಿಕೊಳ್ಳುತ್ತದೆ ಎಂದು ಎಲ್ಲೋ ಓದಿದ್ದೆ. ಯಾರನ್ನೂ ಬಿಡಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಗುರುವಾರ ಸಂಜೆ ಸೇರಿಸಿದೆ, ಗಾತ್ರ ಸರಿಯಾಗಿ ಬಂತು. ಸೆಂಟರಿನ ನಿಯಮದಂತೆ ಹನ್ನೊಂದೂ ಫ್ಲಾಪಿಗಳನ್ನು ಫಾರ್ಮ್ಯಾಟ್ ಮಾಡಿ, ಅಂದರೆ ಪೂರ್ತಿ ಅಳಿಸಿ, ಮುಂದಿನ ಕೆಲಸಕ್ಕೆ ಡಬ್ಬಿಗೆ ಹಾಕಿದೆ. ಮರುದಿನ ಬೆಳಿಗ್ಗೆಯಷ್ಟರಲ್ಲಿ ಅವುಗಳ ಮೇಲೆ ಬೇರೆ ಯಾವುದೋ ಕಂಪನಿಯ ವಿಳಾಸಗಳು ಕೂತಿದ್ದವು.

ಶುಕ್ರವಾರ, ನಾವು ಟೈಪ್ ಮಾಡಲು ಬಳಸುತ್ತಿದ್ದ ವರ್ಡ್‌ಸ್ಟಾರ್ ಪ್ರೋಗ್ರಾಮಿನಲ್ಲಿ ಪಟ್ಟಿ ತೆರೆದೆ. ಬೊಮ್ಮನಹಳ್ಳಿಯ ಇನ್ನೂರ ಹನ್ನೆರಡು ಜನ ಬಂದರು. ಅಲ್ಲಿಗೆ ಮುಗಿಯಿತು. ಕೆಳಗೆ ಏನೂ ಇಲ್ಲ.

“ಏನ್ ಮಾಡಿದ್ಯೋ ಮಾರಾಯಾ?” ಎಂದಳು ಪಕ್ಕದ ಮೆಷಿನ್ನಿನ ಮಧುಮತಿ. ಗದಗಿನ ಕಡೆಯವಳು, ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆಗೆ ಇದ್ದಳು. “ನನ್ನ ಕೋಣನಕುಂಟಿ ಎಲ್ಲಿ ಹೋತು? ಎರಡು ದಿನಾ ಕುಂತು ಹೊಡೆದೀನಿ, ನನ್ನ ಬೆನ್ನು ಹೋತು, ಈಗ ಊರೂ ಹೋತು!”

ದೇವದಾಸ್ ಸಾರ್ ಓಡಿ ಬಂದರು. ಪರದೆ ನೋಡಿದರು, ಫ್ಲಾಪಿ ಡಬ್ಬಿ ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಅರ್ಜಿಗಳು?”

“ನಿನ್ನೇನೇ ಆಸ್ಪತ್ರೆಗೆ ಹೋದ್ವು ಸಾರ್.”

“ಎಸ್ಸೆಲ್ಸಿ ಕೂಡ ಮುಟ್ಟದೇ ಇರೋನನ್ನ ಮೆಷಿನ್ ಮುಂದೆ ಕೂರಿಸಿದ್ನಲ್ಲ, ನನಗೆ ಬುದ್ಧಿ ಇಲ್ಲ” ಎಂದರು. “ನಾಲ್ಕು ಗಂಟೆಗೆ ಮೇಡಂ ಬರ್ತಾರೆ. ಅಷ್ಟರಲ್ಲಿ ಪಟ್ಟಿ ಬಂದ್ರೆ ಸರಿ, ಇಲ್ದೇ ಇದ್ರೆ ಆ ಕುರ್ಚಿಯಿಂದ ಎದ್ದು ಹೋಗ್ತಾ ಇರು. ಪೊರಕೆ ಹಿಡಿಯೋಕೂ ಬರ್ಬೇಡ.”

ನನಗೆ ಉರಿದುಹೋಯಿತು. ಡಿಪ್ಲೊಮಾ ಮಾಡಿದವನಿಗೆ ತಪ್ಪಾದರೆ ಮೆಷಿನ್ ಕೆಟ್ಟಿತು ಅನ್ನುತ್ತಾರೆ, ನನಗೆ ತಪ್ಪಾದರೆ ನಾನೇ ಕೆಟ್ಟವನು. ಕೀಬೋರ್ಡ್ ಎತ್ತಿ ಕಿಟಕಿಯಿಂದ ಕೆಳಗಿನ ಬಳೆಗಳ ಮೇಲೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಅಜ್ಜಿಯ ಮುಖ ಕಣ್ಣ ಮುಂದೆ ಬಂತು. ವಾರವಾರವೂ “ವ್ಯಾನು ಯಾವಾಗ್ಲಾ?” ಎಂದು ನನ್ನ ಮುಖ ಸವರಿ ಕೇಳುತ್ತಿದ್ದಳು, ಕಾಣದೆ.

“ಬೊಮ್ಮನಹಳ್ಳಿಯಾದ್ರೂ ಉಳಿದಿದೆಯಲ್ಲ, ಸೇವ್ ಮಾಡಿ ಪ್ರಿಂಟ್ ಹಾಕ್ತೀನಿ” ಎಂದು ದೇವದಾಸ್ ಸಾರ್ ಕೀಬೋರ್ಡಿನ ಮೇಲೆ ಬಗ್ಗಿದರು.

“ಮುಟ್ಬೇಡ ದೇವದಾಸ!”

ಕೂಗಿದವರು ಎ.ಸಿ. ಕೆಳಗೆ ಕೂತಿದ್ದ ರಾಮಪ್ರಸಾದರು. ದೇವದಾಸ್ ಸಾರ್ ತಂದೆಯ ಗೆಳೆಯರು. ಒಂದು ದೊಡ್ಡ ಸಂಸ್ಥೆಯ ಕಂಪ್ಯೂಟರ್ ರೂಮಿನಲ್ಲಿ ಆಪರೇಟರ್ ಆಗಿ ರಿಟೈರ್ ಆದವರು. ದಿನಾ ಹತ್ತೂವರೆಗೆ ಸ್ವೆಟರ್ ಹಾಕಿಕೊಂಡು ಬಂದು, ಭೂತಗನ್ನಡಿ ಹಿಡಿದು ಪೇಪರಿನ ದೊಡ್ಡಕ್ಷರಗಳನ್ನಷ್ಟೇ ಓದಿ, ಹನ್ನೆರಡೂವರೆಗೆ ಹೋಗುತ್ತಿದ್ದರು. ಅವರ ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಮಾತೆತ್ತಿದರೆ ಮನೆಯಿಂದಲೇ ಎದ್ದು ಬಂದುಬಿಡುತ್ತಿದ್ದರಂತೆ. ನಾವೆಲ್ಲ ಅವರನ್ನು ಬೆನ್ನ ಹಿಂದೆ ಹಳೇ ಡಬ್ಬ ಅನ್ನುತ್ತಿದ್ದೆವು. ಹೆಸರಿಟ್ಟವನು ನಾನೇ.

“ಈಗ ಸೇವ್ ಮಾಡಿದ್ರೆ ಅದಕ್ಕೆ ಕಂಡಷ್ಟನ್ನೇ ಬರೆಯತ್ತೆ. ಮಿಕ್ಕಿದ್ದು ನಿಜವಾಗ್ಲೂ ಹೋಗತ್ತೆ” ಎಂದರು. “ಪಿಳ್ಳಣ್ಣ, ಸೇವ್ ಮಾಡದೇ ಹೊರಗೆ ಬಾ. ಫೈಲಿನ ಗಾತ್ರ ಎಷ್ಟು ತೋರಿಸ್ತಿದೆ?”

“ಅಂಕಲ್, ಇದು ನಿಮ್ಮ ಕಾಲದ ಬೀರು ಸೈಜಿನ ಮೆಷಿನ್ ಅಲ್ಲ” ಎಂದೆ. ನನ್ನ ಬಾಯಿಯೇ ಹಾಗೆ.

“ಬೀರು ಅಲ್ಲ ಕಣೋ, ಒಂದು ಮನೆ ಸೈಜು. ಗಾತ್ರ ಹೇಳು.”

ಹೊರಗೆ ಬಂದು ನೋಡಿದೆ. ಒಂದು ಲಕ್ಷದ ಐವತ್ತೆರಡು ಸಾವಿರದ ಅರವತ್ತನಾಲ್ಕು.

“ಬೊಮ್ಮನಹಳ್ಳಿ ಒಂದಕ್ಕೇ ಅಷ್ಟಾಗತ್ತಾ?”

ಆಗುವುದಿಲ್ಲ. ಅದು ಹದಿನೇಳು ಸಾವಿರ ಆದರೆ ಹೆಚ್ಚು. ಗಾತ್ರವನ್ನು ಮತ್ತೊಮ್ಮೆ ಓದಿದೆ.

ಅವರು ಜೇಬಿನಿಂದ ಉದ್ದನೆಯ ದಪ್ಪ ಕಾಗದವೊಂದನ್ನು ತೆಗೆದರು. ಮೈ ತುಂಬ ಚೌಕ ತೂತುಗಳು. ಅದರ ಹಿಂಬದಿಯಲ್ಲಿ ಅವರ ಹೆಂಡತಿಯ ಕೈಬರಹ: ಅವರೆಕಾಯಿ ಒಂದು ಕೆಜಿ, ಕೊತ್ತಂಬರಿ. ಅವರ ಕಾಲದಲ್ಲಿ ಮೆಷಿನ್ನಿಗೆ ಉಣಿಸುತ್ತಿದ್ದ ಕಾರ್ಡಂತೆ, ಮನೆಯಲ್ಲಿ ಎರಡು ಪೆಟ್ಟಿಗೆ ಉಳಿದಿದ್ದವಂತೆ. “ಇದರ ಮೇಲೆ ಆ ಸಂಖ್ಯೆನ ನೂರ ಇಪ್ಪತ್ತೆಂಟರಿಂದ ಭಾಗಿಸು. ಶೇಷ ಎಷ್ಟು ಬರತ್ತೆ ನೋಡೋಣ.”

“ಕ್ಯಾಲ್ಕುಲೇಟರ್ ಇದೆ” ಎಂದರು ದೇವದಾಸ್ ಸಾರ್.

“ಅವನು ಮಾಡ್ಲಿ.”

ಒಂಬತ್ತನೇ ಕ್ಲಾಸಿನ ಬೋರ್ಡು ಮತ್ತೆ ಎದುರಿಗೆ ಬಂದು ನಿಂತ ಹಾಗಾಯಿತು. ಹಲ್ಲು ಕಚ್ಚಿ ಬರೆದೆ. ನೂರ ಐವತ್ತೆರಡಕ್ಕೆ ಒಂದು. ಇನ್ನೂರ ನಲವತ್ತಕ್ಕೆ ಒಂದು. ಸಾವಿರದ ನೂರ ಇಪ್ಪತ್ತಾರಕ್ಕೆ ಎಂಟು. ಸಾವಿರದ ಇಪ್ಪತ್ತನಾಲ್ಕಕ್ಕೆ ಎಂಟು, ಸರಿಯಾಗಿ ಎಂಟು. ಕೆಳಗೆ ಸೊನ್ನೆ ಉಳಿಯಿತು.

“ಸೊನ್ನೆ ಅಂಕಲ್.”

“ಹಾಗಾದ್ರೆ ಯಾರೂ ಎಲ್ಲೂ ಹೋಗಿಲ್ಲ” ಎಂದು ರಾಮಪ್ರಸಾದರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. “ಕೇಳು. ನಮ್ಮ ದೊಡ್ಡ ಮೆಷಿನ್ನಿಗೆ ತಂತಿಯಲ್ಲಿ ಹತ್ತಾರು ಟರ್ಮಿನಲ್ ಕಟ್ಟಿರ್ತಿದ್ರು. ನಾವು ಕೂತು ಟೈಪ್ ಮಾಡೋದು. ನನ್ನದು ಮುಗೀತು ಅಂತ ಅದಕ್ಕೆ ತಿಳಿಸೋಕೆ ಕಂಟ್ರೋಲ್ ಒತ್ಕೊಂಡು ಝಡ್ ಹೊಡೀತಿದ್ವಿ. ಅದೊಂದು ಗುರುತು. ಇಪ್ಪತ್ತಾರನೇ ನಂಬರಿನ ಅಕ್ಷರ. ಎಂಬತ್ತೆರಡರಲ್ಲಿ ನಮ್ಮಲ್ಲಿಗೆ ಮೊದಲನೇ ಪುಟ್ಟ ಮೆಷಿನ್ ಬಂತು, ಮೇಜಿನ ಮೇಲೆ ಕೂರೋದು. ಡಾಸ್‌ಗಿಂತ ಮುಂಚಿನ ಸಿಸ್ಟಮ್ಮು. ಯಾರೂ ಕಲಿಸಿರ್ಲಿಲ್ಲ, ಆದ್ರೂ ನನ್ನ ಬೆರಳಿಗೆ ಗೊತ್ತಿತ್ತು ಕಣೋ! ಫೈಲಿಗೆ ಹೆಸರು, ಒಂದು ಚುಕ್ಕಿ, ಮೂರಕ್ಷರ, ನಮ್ಮ ದೊಡ್ಡ ಮೆಷಿನ್ ಹಾಗೇನೇ. ಫೈಲ್ ಸಾಗಿಸೋಕೆ ನಮ್ಮಲ್ಲಿ ಪಿಪ್ ಅಂತ ಒಂದು ಪ್ರೋಗ್ರಾಮಿತ್ತು, ಅದರಲ್ಲೂ ಪಿಪ್. ಆ ಸಿಸ್ಟಮ್ ಬರೆದೋರು ದೊಡ್ಡ ಮೆಷಿನ್ ಮೇಲೆ ಕೈ ಪಳಗಿಸ್ಕೊಂಡೋರು, ಹೊಸದು ಕಟ್ಟುವಾಗ ಹಳೇ ಅಭ್ಯಾಸ ಎಲ್ಲಿಗೆ ಹೋಗತ್ತೆ?”

“ನೂರ ಇಪ್ಪತ್ತೆಂಟು ಯಾಕೆ ಬಂತು?”

“ಆ ಪುಟ್ಟದು ಫ್ಲಾಪಿ ಮೇಲೆ ನೂರ ಇಪ್ಪತ್ತೆಂಟು ಅಕ್ಷರದ ಡಬ್ಬಿ ಡಬ್ಬಿಯಾಗಿ ಇಡ್ತಿತ್ತು. ಡಬ್ಬಿ ಎಷ್ಟು ಅಂತ ಗೊತ್ತು, ಕೊನೇ ಡಬ್ಬಿಯಲ್ಲಿ ಬರಹ ಎಲ್ಲಿ ನಿಲ್ತು ಅಂತ ಗೊತ್ತಿಲ್ಲ. ಅದಕ್ಕೆ ಹಳೇ ಝಡ್ ಗುರುತನ್ನೇ ಅಲ್ಲಿ ಇಟ್ರು, ಇಲ್ಲಿಗೆ ಮುಗೀತು ಅಂತ. ಆಮೇಲೆ ಡಾಸ್ ಬಂತು. ಅದಕ್ಕೆ ಪ್ರತಿ ಅಕ್ಷರದ ಲೆಕ್ಕ ಗೊತ್ತು, ಗುರುತು ಬೇಕಾಗಿಲ್ಲ. ಆದ್ರೂ ನಿನ್ನ ವರ್ಡ್‌ಸ್ಟಾರ್ ಆ ಕಾಲದ ಮನುಷ್ಯ. ಈಗಲೂ ಕೊನೇ ಡಬ್ಬಿನ ಝಡ್ ತುಂಬಿ ಮುಚ್ಚತ್ತೆ. ಅದಕ್ಕೇ ನಿನಗೆ ಶೇಷ ಸೊನ್ನೆ ಬಂದಿದ್ದು. ಸೇರಿಸುವಾಗ ನೀನೇನಾದ್ರೂ ಸ್ಲ್ಯಾಷ್ ಹಾಕಿದ್ಯಾ?”

“ಬಿ ಹಾಕ್ದೆ. ಏನೂ ಬಿಟ್ಟು ಹೋಗ್ಬಾರ್ದು ಅಂತ.”

ಅವರು ಜೋರಾಗಿ ನಕ್ಕರು. “ಬರೀ ಪ್ಲಸ್ ಹಾಕಿದ್ರೆ ಪ್ರತಿ ಊರಿನ ಗುರುತಿನ ಹತ್ರ ನಿಂತು, ಅದನ್ನ ಅಲ್ಲೇ ಬಿಟ್ಟು, ಮುಂದಿನ ಊರು ತಗೋತಿತ್ತು. ನೀನು ಏನೂ ಬಿಡ್ಬೇಡ ಅಂದೆ. ಅದು ಊರಿನ ಜೊತೆ ಊರಬಾಗಿಲನ್ನೂ ಕಿತ್ಕೊಂಡು ಬಂತು. ಈಗ ಓದೋ ಪ್ರೋಗ್ರಾಮು ಬೊಮ್ಮನಹಳ್ಳಿ ಬಾಗಿಲ ಹತ್ರ ಬಂದು ಮುಗೀತು ಅಂತ ವಾಪಸ್ ಹೋಗ್ತಿದೆ.”

“ಇದೆಲ್ಲ ಗೊತ್ತಿದ್ದೂ ಇಷ್ಟು ದಿನ ಒಬ್ಬರಿಗೂ ಹೇಳ್ಲಿಲ್ಲ ನೀವು!” ಎಂದು ರೇಗಿದೆ.

“ದಿನಾ ಹೇಳ್ತಿದ್ನಲ್ಲೋ. ನೀನು ಹಳೇ ಡಬ್ಬ ಶುರುವಾಯ್ತು ಅಂತಿದ್ದೆ. ಕಣ್ಣಿಗಷ್ಟೇ ಪೊರೆ ಬಂದಿರೋದು, ಕಿವಿಗಲ್ಲ.”

ಮಧುಮತಿ ಕೀಬೋರ್ಡಿನ ಮೇಲೆ ಮುಖ ಬಗ್ಗಿಸಿಕೊಂಡು ನಕ್ಕಳು. ನನ್ನ ಕಿವಿ ಬಿಸಿಯಾಯಿತು.

ಈಗ ಆ ಗುರುತುಗಳನ್ನು ತೆಗೆಯಬೇಕು. ಹೇಗೆ? ರಾಮಪ್ರಸಾದರಿಗೆ ಪರದೆ ಕಾಣುವುದಿಲ್ಲ, ಡಾಸ್‌ನ ಒಳಗಿನ ಭಾಷೆ ಗೊತ್ತಿಲ್ಲ. “ನಮ್ಮಲ್ಲಾಗಿದ್ರೆ ಜರಡಿ ಹಿಡೀತಿದ್ವಿ. ಒಂದೊಂದೇ ಅಕ್ಷರ ತಗೊಂಡು, ಇಪ್ಪತ್ತಾರಾದ್ರೆ ಬಿಸಾಕೋದು, ಬೇರೆ ಆದ್ರೆ ಹೊಸ ಫೈಲಿಗೆ ಹಾಕೋದು. ನಿನ್ನ ಮೆಷಿನ್ನಿಗೆ ಅದನ್ನ ಹೇಳೋದು ಹೇಗೋ ನನಗೆ ಗೊತ್ತಿಲ್ಲಪ್ಪ” ಎಂದರು.

ನನಗೆ ಗೊತ್ತಿತ್ತು. ಡಾಸ್ ಜೊತೆಗೆ ಬೇಸಿಕ್ ಎಂಬ ಪ್ರೋಗ್ರಾಮ್ ಬರೆಯುವ ಭಾಷೆ ಬರುತ್ತಿತ್ತು, ಅದರಲ್ಲಿ ಕೋತಿಗಳು ಬಾಳೆಹಣ್ಣು ಎಸೆದಾಡುವ ಒಂದು ಆಟವಿತ್ತು. ಆಟಕ್ಕಿಂತ ಅದರ ಹೊಟ್ಟೆ ಬಗೆಯುವುದೇ ನನಗೆ ಖುಷಿ. ಊಟದ ಹೊತ್ತಿನಲ್ಲಿ ಸಾಲುಗಳನ್ನು ತೆಗೆದು ಹಾಕಿ, ಎಸೆದ ಹಣ್ಣು ಕೆಳಗೆ ಬೀಳದೆ ಆಕಾಶಕ್ಕೆ ಹೋಗುವ ಹಾಗೆ ಮಾಡಿದ್ದೆ. ಅದಕ್ಕೆ ದೇವದಾಸ್ ಸಾರ್ ಅರ್ಧ ದಿನ ಹೊರಗೆ ನಿಲ್ಲಿಸಿದ್ದರು.

ಮೊದಲು ಫೈಲಿನ ಒಂದು ನಕಲು ಮಾಡಿಟ್ಟೆ, ಈ ಸಲವೂ ಸ್ಲ್ಯಾಷ್ ಬಿ ಹಾಕಿಯೇ. ಆಮೇಲೆ ಬೇಸಿಕ್ಕಿನಲ್ಲಿ ಒಂಬತ್ತು ಸಾಲು ಬರೆದೆ. ಎರಡು ಸಲ ತಪ್ಪು ಎಂದಿತು. ಬೈದೆ, ತಿದ್ದಿದೆ. ಮೂರನೇ ಸಲ ಏನೂ ಅನ್ನಲಿಲ್ಲ, ಹಾರ್ಡ್ ಡಿಸ್ಕಿನ ಕೆಂಪು ದೀಪ ಮಿಣುಕತೊಡಗಿತು. ಒಂದೊಂದೇ ಅಕ್ಷರ, ಒಂದೂವರೆ ಲಕ್ಷ ಸಲ. ದೇವದಾಸ್ ಸಾರ್ ಗಡಿಯಾರ ನೋಡುತ್ತಾ ಹಿಂದೆ ಮುಂದೆ ನಡೆದರು. ಗಂಟೆ ಎರಡೂಕಾಲಾಗಿತ್ತು. ರಾಮಪ್ರಸಾದರು ಊಟಕ್ಕೂ ಹೋಗಿರಲಿಲ್ಲ. ಕಣ್ಣು ಮುಚ್ಚಿ, ಡಿಸ್ಕಿನ ಕರಕರ ಸದ್ದು ಕೇಳುತ್ತಾ ಕೂತಿದ್ದರು.

“ಓಡ್ತಿದೆ, ಓಡ್ತಿದೆ” ಎಂದರು. “ನಮ್ಮದೂ ಹೀಗೇ ಸದ್ದು ಮಾಡ್ತಿತ್ತು.”

ದೀಪ ಆರಿತು. ಹೊಸ ಫೈಲಿನ ಗಾತ್ರ ಒಂದು ಲಕ್ಷದ ಐವತ್ತೊಂದು ಸಾವಿರದ ಇನ್ನೂರು. ಎಂಟುನೂರ ಅರವತ್ತನಾಲ್ಕು ಕಡಿಮೆ. ಅಷ್ಟೂ ಗುರುತುಗಳು. ಸಾಲಿಗೆ ಎಂಬತ್ತು ಅಕ್ಷರದ ಲೆಕ್ಕ ನಮ್ಮದು. ಯಾರೂ ಹೇಳದೆ ಕಾರ್ಡಿನ ಮೇಲೆ ಭಾಗಿಸಿದೆ. ಸಾವಿರದ ಎಂಟುನೂರ ತೊಂಬತ್ತು, ಶೇಷವಿಲ್ಲ.

“ಎಂಬತ್ತಾ?” ಎಂದರು ರಾಮಪ್ರಸಾದರು. “ಆ ಕಾರ್ಡಿನ ಒಂದು ಅಡ್ಡಸಾಲಲ್ಲಿ ಎಷ್ಟು ಮನೆ ಇದೆ ಎಣಿಸಿ ನೋಡು. ಅದೂ ಎಂಬತ್ತೇ. ನಿಮ್ಮ ಪರದೆಗೆ ಆ ಅಗಲ ಬಂದಿದ್ದು ಅಲ್ಲಿಂದಾನೇ.”

ಎಣಿಸಲು ಪುರಸೊತ್ತಿರಲಿಲ್ಲ. ಪಟ್ಟಿ ತೆರೆದೆ. ಬೊಮ್ಮನಹಳ್ಳಿ ದಾಟಿತು. ಮುಂದಿನ ಊರು ಬಂತು, ಅದರ ಮುಂದಿನದು.

“ನನ್ನ ಕೋಣನಕುಂಟಿ ಬಂತಲೇ!” ಎಂದು ಮಧುಮತಿ ನನ್ನ ಬೆನ್ನಿಗೆ ಗುದ್ದಿದಳು.

ನಾನು ನಿಲ್ಲಿಸದೆ ಕೆಳಗೆ ಕೆಳಗೆ ಹೋದೆ. ಕೊನೆಯ ಊರು ತಲಘಟ್ಟಪುರ. ಲಕ್ಷ್ಮಮ್ಮ, ಎಪ್ಪತ್ತೊಂದು, ಎರಡೂ ಕಣ್ಣು, ಶನಿವಾರ.

ಪ್ರಿಂಟರ್ ಕಿರುಚತೊಡಗಿತು. ಶಾಲಿನಿ ಮೇಡಂ ಮೆಟ್ಟಿಲು ಹತ್ತಿ ಬಂದಾಗ ಕೊನೆಯ ಊರು ಅರ್ಧ ಅಚ್ಚಾಗಿತ್ತು. ಅವರು ಕಾಗದದ ಮಡಿಕೆಗಳನ್ನು ಎತ್ತಿಕೊಂಡು, “ಏನೂ ತೊಂದರೆ ಆಗ್ಲಿಲ್ಲ ತಾನೇ?” ಎಂದರು.

“ಏನಿಲ್ಲ ಮೇಡಂ, ಎಲ್ಲ ನೀಟಾಗಿ ಆಯ್ತು” ಎಂದರು ದೇವದಾಸ್ ಸಾರ್. ನನ್ನ ಕಡೆ ತಿರುಗಿ, ದನಿ ತಗ್ಗಿಸಿ, “ನಾಳೆ ಒಂಬತ್ತಕ್ಕೆ ಬಾ. ಆ ಕುರ್ಚಿ ಕಾಲು ರಿಪೇರಿ ಮಾಡಿಸ್ತೀನಿ. ಇನ್ಮೇಲೆ ಫೈಲ್ ಸೇರಿಸೋದೆಲ್ಲ ನೀನೇ ನೋಡ್ಕೋ” ಎಂದರು.

“ನಾಳೆ ಬರಲ್ಲ ಸಾರ್.”

“ಇನ್ನೂ ಕೋಪಾನೇನೋ?”

“ಕೋಪ ಇದ್ದೇ ಇದೆ. ಆದ್ರೆ ಅದಕ್ಕಲ್ಲ. ಬೆಳಿಗ್ಗೆ ಅಜ್ಜಿ ಜೊತೆ ವ್ಯಾನಲ್ಲಿ ಹೋಗ್ಬೇಕು. ಸೋಮವಾರ ಬರ್ತೀನಿ.”

ಕಾರ್ಡನ್ನು ರಾಮಪ್ರಸಾದರಿಗೆ ವಾಪಸ್ ಕೊಟ್ಟೆ. ಅವರು ಅದನ್ನು ಮೂಗಿನ ಹತ್ತಿರ ಹಿಡಿದು, ಭೂತಗನ್ನಡಿ ಇಟ್ಟು, ನನ್ನ ಭಾಗಾಕಾರವನ್ನು ಹುಡುಕಿದರು. ಕಾಣಲಿಲ್ಲ. ಕಾರ್ಡನ್ನು ತಿರುಗಿಸಿದರು. ಆಗಲೂ ಕಾಣಲಿಲ್ಲ. ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡು ಕೇಳಿದರು:

“ಪಿಳ್ಳಣ್ಣ, ಆ ಪಟ್ಟಿಗೆ ಇನ್ನೊಂದು ಸಾಲು ಸೇರಿಸಬಹುದೇನೋ?”

ನಾನು ಶಾಲಿನಿ ಮೇಡಂ ಮುಖ ನೋಡಿದೆ. ಅವರು ಆಗಲಿ ಎಂದು ತಲೆಯಾಡಿಸಿದರು. ಕುಂಟು ಕುರ್ಚಿಯನ್ನು ಎಳೆದುಕೊಂಡು ಕೂತೆ.

“ವಯಸ್ಸು ಹೇಳಿ ಅಂಕಲ್” ಎಂದೆ.