ಮರಳ ದಂಡೆಯಲ್ಲಿ ಅಳೆದ ಚಕ್ರ

2007ನೇ ಇಸವಿ ಜುಲೈ 8, ಭಾನುವಾರ. ಸಂಜೆ ಐದು ಗಂಟೆಗೆ ನನ್ನ ಸೈಕಲ್ಲಿನ ಮೀಟರು 462 ಕಿಲೊಮೀಟರು ತೋರಿಸುತ್ತಿತ್ತು. ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ನಲ್ಲಿರುವ ಮಗಳು ಪದ್ಮಿನಿಯ ಮನೆಯಿಂದ ನಾವು ಹೊರಟು ಅಂದಿಗೆ ಎಂಟು ದಿನ. ದಿನಕ್ಕೆ ಐವತ್ತಾರರಂತೆ ಹದಿನೆಂಟು ದಿನ, ಒಟ್ಟು ಸಾವಿರದ ಎಂಟು ಎಂಬುದು ನನ್ನ ಲೆಕ್ಕ. ಎಂಟು ದಿನಕ್ಕೆ 448 ಆಗಬೇಕಿತ್ತು. ಹದಿನಾಲ್ಕು ಹೆಚ್ಚೇ ಆಗಿತ್ತು.

ನಾವು ಎಂದರೆ ನಾನು ಮತ್ತು ಅನಂತಕೃಷ್ಣ. ನಾನು ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತನಾದವನು. ಅವನು ನನ್ನ ಶಿಷ್ಯ. ಈಗ ಮಗಳ ಊರಿನಲ್ಲೇ ಎಂಜಿನಿಯರು. 1984ರ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ತನ್ನ ಉತ್ತರಪತ್ರಿಕೆ ಹಿಡಿದು ಬಂದು, “ಸರ್, ಎರಡು ಅಂಕ ಜಾಸ್ತಿ ಕೂಡಿದೀರಿ” ಎಂದು ಹೇಳಿ ಅಂಕ ಕಡಿಮೆ ಮಾಡಿಸಿಕೊಂಡ ಹುಡುಗ. ಮುಂದಿನ ಪ್ರತಿ ತರಗತಿಗೂ ನಾನು ಅವನ ಕಥೆ ಹೇಳಿದ್ದೇನೆ. ಅವನು ಜೊತೆಗೆ ಬರುತ್ತೇನೆಂದಾಗ ಬೇರೆ ಯಾರನ್ನೂ ಕೇಳಲಿಲ್ಲ. ಸೈಕಲ್ಲಿಗೆ ಮೀಟರು ಕೂರಿಸಿದವನೂ ಅವನೇ.

ಸಾವಿರದ ಎಂಟು ಹರಕೆಯ ಸಂಖ್ಯೆ. ನಾನು ಹರಕೆ ಹೊರುವ ಮನುಷ್ಯನಲ್ಲ. ಆದರೆ ಎರಡೂವರೆ ವರ್ಷದ ಹಿಂದೆ ಪದ್ಮಿನಿಯ ಹೆರಿಗೆಯ ದಿನ ಅಳಿಯ ಶಿವಪ್ರಸಾದ ಅಲ್ಲಿಂದ ಫೋನು ಮಾಡಿ, “ರಕ್ತ ನಿಲ್ತಾ ಇಲ್ಲ ಮಾವ” ಎಂದು ಅತ್ತ. ಮೈಸೂರಿನಲ್ಲಿ ನಿಂತು ನಾನು ಮಾಡಬಹುದಾದದ್ದು ಸೊನ್ನೆ. ಮಗಳು ಉಳಿದರೆ, ಅವಳನ್ನು ಉಳಿಸಿಕೊಟ್ಟ ನೆಲದ ಮೇಲೆ ಸಾವಿರದ ಎಂಟು ಕಿಲೊಮೀಟರು ಸೈಕಲ್ ತುಳಿಯುತ್ತೇನೆಂದು ಮನಸ್ಸಿನಲ್ಲೇ ಹೇಳಿಕೊಂಡೆ. ಅವಳು ಉಳಿದಳು, ಮೊಮ್ಮಗಳು ನೈನಾ ಈಗ ಡಾಗಿಸ್ ಎಂಬ ಶಿಶುವಿಹಾರಕ್ಕೆ ಹೋಗಿ ಸ್ವೀಡಿಷ್ ಹಾಡು ಕಲಿತು ಬರುತ್ತಾಳೆ. ಈ ವಿಷಯ ನಾನು ಯಾರಿಗೂ ಹೇಳಿರಲಿಲ್ಲ, ಹೆಂಡತಿ ರಾಜಲಕ್ಷ್ಮಿಗೂ. ಅರವತ್ತೇಳರ ಮುದುಕನ ಹಟವೆಂದು ಎಲ್ಲರೂ ತಿಳಿದಿದ್ದರು. ತಿಳಿಯಲಿ ಎಂದು ಬಿಟ್ಟಿದ್ದೆ.

ಅಂದು ನಾವು ತಲುಪಿದ ಸ್ಥಳವನ್ನು ಅನಂತ ಮರಳುಗಾಡಿನ ಸರೋವರ ಎಂದು ಕರೆದ. ಅತಿಶಯೋಕ್ತಿ, ಆದರೆ ಪೂರ್ತಿ ಸುಳ್ಳಲ್ಲ. ಹಿಮಯುಗ ಬಿಟ್ಟುಹೋದ ಮರಳಿನ ದಿಬ್ಬಗಳು, ಅವುಗಳ ಮೇಲೆ ಬಡಕಲು ಪೈನ್ ಮರಗಳು. ಇಪ್ಪತ್ತು ಕಿಲೊಮೀಟರು ಒಂದು ಮನೆಯೂ ಕಾಣಲಿಲ್ಲ. ನಡುವೆ ತಣ್ಣನೆಯ ನೀರು, ಸುತ್ತ ಒದ್ದೆ ಮರಳಿನ ದಂಡೆ, ಒಂದು ಮೂಲೆಯಲ್ಲಿ ಡೇರೆ ಹಾಕಲು ಜಾಗ.

“ಸರ್, ಮಂಡಿ ಹಿಡ್ಕೊಂಡ್ಬಿಟ್ಟಿದೆ. ಎರಡು ದಿನ ಇಲ್ಲೇ ರೆಸ್ಟ್ ತಗೊಳ್ಳೋಣ” ಎಂದ ಅನಂತ. “ಹೇಗೂ ಮುಂದಿದೀವಲ್ಲ?”

“ಹದಿನಾಲ್ಕು ಕಿಲೊಮೀಟರು ಮಾತ್ರ.”

“ಮುಂದಿದೀವಿ ತಾನೆ? ಹೋಂವರ್ಕ್ ಮುಗಿಸಿದ ಹುಡುಗನ್ನೂ ಆಟಕ್ಕೆ ಬಿಡದ ಮೇಷ್ಟ್ರು ಸರ್ ನೀವು!”

ನನ್ನ ವಿಮಾನ ಜುಲೈ 22ಕ್ಕೆ. ಸೈಕಲ್ ತುಳಿಯಲು 20ರವರೆಗೆ ಅವಕಾಶವಿತ್ತು. ಎರಡು ದಿನ ಹೆಚ್ಚಿಗೆ ಇದ್ದವು. ಅವನ್ನು ಅವನ ಮಂಡಿಗೆ ಕೊಟ್ಟೆ.

ಸೋಮವಾರ ಬಟ್ಟೆ ಒಗೆದು ಒಣಹಾಕಿದೆ. ಅವನು ಅವಲಕ್ಕಿ ಒಗ್ಗರಣೆ ಮಾಡಿದ. ನಾನು ನೀರಿನ ಬದಿ ಕುಳಿತೆ. ಎಂಟು ದಿನದಲ್ಲಿ ಮೊದಲ ಬಾರಿಗೆ ಬೆನ್ನಿನ ನೋವು ಕಡಿಮೆಯಾಗಿತ್ತು. ಅವನ ಮಂಡಿಗೆ ನಾನು ಕೃತಜ್ಞನಾಗಿದ್ದೆನೆಂದು ಒಪ್ಪಿಕೊಳ್ಳಬೇಕು.

ಮಂಗಳವಾರ ಮಧ್ಯಾಹ್ನ ಅನಂತ ಸೌದೆ ತರಲು ದಿಬ್ಬದ ಆಚೆ ಹೋಗಿದ್ದ. ಡೇರೆ ಜಾಗದ ಒಡತಿ ಗುನ್ನೆಲ್ ಎಂಬ ವೃದ್ಧೆ ನನ್ನನ್ನು ಫೀಕಾಕ್ಕೆ ಕರೆದು ಕಾಫಿಯನ್ನೂ ದಾಲ್ಚಿನ್ನಿಯ ಬನ್ನನ್ನೂ ಕೊಟ್ಟಳು. ನಿಧಾನವಾದ ಇಂಗ್ಲಿಷಿನಲ್ಲಿ ಭಾನುವಾರ ಎಷ್ಟು ದೂರ ತುಳಿದಿರೆಂದು ಕೇಳಿದಳು. ಹಿಂದಿನ ಊರಿನಿಂದ ಐವತ್ತೈದು ಕಿಲೊಮೀಟರು ಎಂದೆ.

“ಇಲ್ಲ, ಐದು ಮೀಲ್” ಎಂದಳು. ಅವರ ಒಂದು ಮೀಲ್ ಎಂದರೆ ಹತ್ತು ಕಿಲೊಮೀಟರು. “ಆ ಊರಿನ ಅಂಚೆ ಕಚೇರಿಯಿಂದ ಈ ಗೇಟಿಗೆ ಸರಿಯಾಗಿ ಐದು. ಮೂವತ್ತು ವರ್ಷ ನಾನೇ ಅಂಚೆ ಹಂಚಿದ್ದೇನೆ.”

“ಸೈಕಲ್ ದಾರಿ ಬೇರೆ ಇರಬಹುದು.”

“ಈ ಮರಳಿನಲ್ಲಿ ಇರುವುದು ಒಂದೇ ದಾರಿ. ಕಾರಿಗೂ ಅದೇ, ಸೈಕಲ್ಲಿಗೂ ಅದೇ, ಕರಡಿಗೂ ಅದೇ!”

ದಾರಿಯುದ್ದಕ್ಕೂ ರಸ್ತೆಯ ಫಲಕಗಳು ನನ್ನ ಮೀಟರಿಗೆ ಹೊಂದಿರಲಿಲ್ಲ. ಕೇಳಿದಾಗಲೆಲ್ಲ ಅನಂತ, “ಸೈಕಲ್ ದಾರಿ ಸುತ್ತು ಸರ್, ಬೋರ್ಡು ಕಾರಿನೋರಿಗೆ” ಎನ್ನುತ್ತಿದ್ದ. ನಾನು ನಂಬುತ್ತಿದ್ದೆ.

ಗುನ್ನೆಲ್‌ಳಿಂದ ಅಳತೆಯ ಟೇಪು ಪಡೆದು ಸೈಕಲ್ಲನ್ನು ದಂಡೆಗೆ ತಂದೆ. ಮುಂದಿನ ಟೈರಿನಲ್ಲಿ ಗಾಜು ಕೊಯ್ದ ಗುರುತೊಂದಿತ್ತು. ಸೈಕಲ್ ಹತ್ತಿ ಒದ್ದೆ ಮರಳಿನ ಮೇಲೆ ನೇರವಾಗಿ ನಡೆಸಿದೆ. ಚಕ್ರ ಒಂದು ಸುತ್ತು ಬಂದಾಗಲೆಲ್ಲ ಆ ಗುರುತು ಮರಳಿನಲ್ಲಿ ಒಮ್ಮೆ ಮೂಡಿತು. ಒಂದು ಸುತ್ತನ್ನು ಅಳೆದರೆ ದೋಷ ಹೆಚ್ಚು. ಹತ್ತು ಸುತ್ತು ಅಳೆದೆ. ಇಪ್ಪತ್ತೊಂದು ಮೀಟರು. ಚಕ್ರದ ಸುತ್ತಳತೆ 2100 ಮಿಲಿಮೀಟರು.

ಮೀಟರಿನ ಗುಂಡಿಯನ್ನು ಒತ್ತಿ ಹಿಡಿದೆ. ಚಕ್ರದ ಸುತ್ತುಗಳನ್ನು ಗುಣಿಸಿ ದೂರ ತೋರಿಸಲು ಅದರೊಳಗೆ ಬರೆದಿಟ್ಟ ಸುತ್ತಳತೆ ತೆರೆಯ ಮೇಲೆ ಬಂತು: 2310.

ನೂರಕ್ಕೆ ಹತ್ತು ಹೆಚ್ಚು. ಕೈತಪ್ಪಿ ಬೀಳುವ ಸಂಖ್ಯೆಯಲ್ಲ, ಯಾರೋ ಲೆಕ್ಕ ಮಾಡಿ ಹಾಕಿದ ಸಂಖ್ಯೆ. 462 ಎಂದರೆ ನಿಜವಾಗಿ 420. ನಾನು ಹದಿನಾಲ್ಕು ಮುಂದಿರಲಿಲ್ಲ, ಇಪ್ಪತ್ತೆಂಟು ಹಿಂದಿದ್ದೆ.

ಅನಂತ ಸೌದೆಯ ಹೊರೆ ಹೊತ್ತು ದಿಬ್ಬವನ್ನು ಓಡುತ್ತಲೇ ಇಳಿದು ಬಂದ. ಮಂಡಿ ಚೆನ್ನಾಗಿತ್ತು.

“ಅನಂತ, ಚಕ್ರದ ಸುತ್ತಳತೆ ಎಷ್ಟು ಹಾಕಿದೆ?”

ಅವನು ಟೇಪನ್ನೂ ಮರಳಿನ ಗುರುತುಗಳನ್ನೂ ನೋಡಿದ. ಸೌದೆ ಕೆಳಗಿಟ್ಟ.

“ಪದ್ಮಿನಿ ಹೇಳಿದ್ರು ಸರ್. ವೋರ್ಡ್‌ಸೆಂಟ್ರಾಲ್‌ನ, ಅದೇ ಹೆಲ್ತ್ ಸೆಂಟರಿನ, ಡಾಕ್ಟ್ರು ನಿಮ್ಮ ಬಿ.ಪಿ. ನೋಡಿ, ದಿನಕ್ಕೆ ಐವತ್ತರ ಮೇಲೆ ಬೇಡ, ಮಧ್ಯೆ ರೆಸ್ಟ್ ಬೇಕೇಬೇಕು ಅಂದ್ರಂತೆ. ನಿಮಗೆ ಹೇಳಿದ್ರೆ ಕೇಳ್ತಿದ್ರಾ?”

“ಕೇಳುತ್ತಿರಲಿಲ್ಲ.”

“ಮತ್ತೆ?”

“ಆದರೂ ಹೇಳಬೇಕಾಗಿತ್ತು.”

ಅವನು ನನ್ನ ಪಕ್ಕ ಮರಳಿನಲ್ಲಿ ಕುಳಿತ. “ಸರ್, ಪೂಜೆಯಲ್ಲಿ ವಸ್ತ್ರ ಇಲ್ಲದಿದ್ರೆ ವಸ್ತ್ರಾರ್ಥೇ ಅಕ್ಷತಾನ್ ಸಮರ್ಪಯಾಮಿ ಅಂತ ನಾಲ್ಕು ಕಾಳು ಹಾಕಲ್ವಾ? ದೇವರು ಒಪ್ಕೊಳ್ಳಲ್ವಾ? ಹಾಗೇ ಅಂದ್ಕೊಳ್ಳಿ, ಒಂದಷ್ಟು ಕಿಲೊಮೀಟರು ಅಕ್ಷತೆ ಹಾಕಿದ್ವಿ.”

“ಅಕ್ಷತೆ ಹಾಕುವವನಿಗೆ ಅದು ವಸ್ತ್ರವಲ್ಲ ಎಂದು ಗೊತ್ತು. ದೇವರಿಗೂ ಗೊತ್ತು. ಇಲ್ಲಿ ಗೊತ್ತಿಲ್ಲದವನು ನಾನೊಬ್ಬನೇ.”

ಇಪ್ಪತ್ತಮೂರು ವರ್ಷ ನಾನು ಹೇಳುತ್ತ ಬಂದ ಎರಡು ಅಂಕಗಳ ಕಥೆಯನ್ನು ಇನ್ನು ಹೇಳುವಂತಿರಲಿಲ್ಲ.

ಅವನ ಮೊಬೈಲಿನಿಂದಲೇ ಮಗಳಿಗೆ ಫೋನು ಮಾಡಿದೆ.

“ಅಪ್ಪ, ಪ್ಲೀಸ್, ಕೋಪ ಮಾಡ್ಕೋಬೇಡಿ” ಎಂದಳು. “ನಿಮಗೇನಾದ್ರೂ ಆದ್ರೆ ಅಮ್ಮಂಗೆ ನಾನೇನು ಹೇಳ್ಲಿ? ಜಸ್ಟ್ ಒಂದು ನಂಬರ್ ಅಲ್ವಾ ಅದು?”

ಆ ಸಂಖ್ಯೆ ಏನೆಂದು ಹೇಳಲು ಬಾಯಿಯವರೆಗೆ ಬಂತು. ಹೇಳಿದ್ದರೆ ಅವಳು ಅಳುತ್ತಿದ್ದಳು, ಅಥವಾ ಕೂಡಲೇ ಕಾರು ತಂದು ನನ್ನನ್ನು ಕರೆದೊಯ್ಯುತ್ತಿದ್ದಳು. ಹರಕೆಯನ್ನು ಅವಳ ತಲೆಯ ಮೇಲೆ ಹೊರಿಸುವುದು ನನ್ನ ಉದ್ದೇಶವಾಗಿರಲಿಲ್ಲ. “ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ” ಎಂದು ಫೋನು ಇಟ್ಟೆ.

ಮೀಟರನ್ನು ಸೊನ್ನೆಗೆ ತಂದು 2100 ಎಂದು ನನ್ನ ಕೈಯಾರೆ ಹಾಕಿದೆ. ಉಳಿದದ್ದು 588 ಕಿಲೊಮೀಟರು, ಹತ್ತು ದಿನ. ದಿನಕ್ಕೆ ಐವತ್ತೆಂಟೂ ಮುಕ್ಕಾಲಿಗೆ ತುಸು ಹೆಚ್ಚು. ಎಂಟು ದಿನ ನನ್ನ ಕಾಲು ನಿಜವಾಗಿ ಕೊಟ್ಟದ್ದು ಐವತ್ತೆರಡೂವರೆ. ಆ ಎರಡು ದಿನಗಳು ಕೈಯಲ್ಲಿದ್ದಿದ್ದರೆ ದಿನಕ್ಕೆ ನಲವತ್ತೊಂಬತ್ತು ಸಾಕಾಗುತ್ತಿತ್ತು, ವೈದ್ಯರ ಮಾತೂ ಉಳಿಯುತ್ತಿತ್ತು. ಮಗಳೂ ಶಿಷ್ಯನೂ ಕೂಡಿ ಈ ಭಾಗಾಕಾರವನ್ನು ಮಾಡಿ ನೋಡಿರಲಿಲ್ಲ.

ಬುಧವಾರ ಬೆಳಿಗ್ಗೆ ನಾನು ಹೊರಟೆ. ಅನಂತ ಹಿಂದೆ ಬಂದ. ಬರಬೇಡವೆನ್ನಲಿಲ್ಲ, ಡೇರೆ ಅವನದು. ಮೊದಲ ದಿನ ಐವತ್ತೊಂಬತ್ತಾಯಿತು, ಎರಡನೆಯ ದಿನ ಅರವತ್ತು. ಮೂರನೆಯ ದಿನ ಎದುರುಗಾಳಿ, ನಲವತ್ತಾರು. ನಾಲ್ಕನೆಯ ದಿನದಿಂದ ಏರುಗಳಲ್ಲಿ ಇಳಿದು ತಳ್ಳಿದೆ; ತಳ್ಳಿದ ದೂರವನ್ನು ಪ್ರತಿ ಸಂಜೆ ಮೊತ್ತದಿಂದ ಕಳೆದೆ. “ಚಕ್ರ ತಿರುಗಿದೆ ತಾನೆ ಸರ್?” ಎಂದು ಒಮ್ಮೆ ಕೇಳಿದ. ನಾನು ತುಳಿದಿರಲಿಲ್ಲ ಎಂದೆ.

ಜುಲೈ 20ರ ಸಂಜೆ ಏಳಕ್ಕೆ ರೈಲು ನಿಲ್ದಾಣವೊಂದರ ಮುಂದೆ ಸೈಕಲ್ಲಿನಿಂದ ಇಳಿದೆ. ಹತ್ತು ದಿನಕ್ಕೆ 531. ಹಿಂದಿನ 420 ಸೇರಿ 951.

ಮರುದಿನ ಟ್ರೋಲ್‌ಹೆಟ್ಟನ್‌ನ ಪ್ಲಾಟ್‌ಫಾರಮಿನಲ್ಲಿ ಪದ್ಮಿನಿ ನೈನಾಳನ್ನು ಎತ್ತಿಕೊಂಡು ಕಾದಿದ್ದಳು. ನನ್ನ ಮುಖವನ್ನು ನೋಡಿ ಕಣ್ಣು ತಗ್ಗಿಸಿದಳು.

“ಎಷ್ಟಾಯ್ತು ಅಪ್ಪ?”

“ಐವತ್ತೇಳು ಉಳಿಯಿತು.”

“ಹೋಗ್ಲಿ ಬಿಡಿ. ಅದನ್ನೇನು ಯಾರಿಗಾದ್ರೂ ಕೊಡ್ಬೇಕಿತ್ತಾ?” ಎಂದು ನಗಲು ಪ್ರಯತ್ನಿಸಿದಳು.

ಸೈಕಲ್ಲಿನ ಚೀಲ ಬಿಚ್ಚುವ ನೆಪದಲ್ಲಿ ನಾನು ಬಾಗಿದೆ. ಮರುದಿನ ವಿಮಾನ ಹತ್ತಿದೆ. ಐವತ್ತೇಳು ಕಿಲೊಮೀಟರು ಆ ನೆಲಕ್ಕೆ ನನ್ನಿಂದ ಇನ್ನೂ ಸಲ್ಲಬೇಕಾಗಿದೆ.